ಮೊದಲು ಕಾಲು ನೋಡಿ, ಆಮೇಲೆ ತಳಿ ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಹತ್ತಿರದಲ್ಲೇ ಯಾರೋ ಕುದುರೆ ಮಾರುತ್ತಿದ್ದಾರೆ, ತಗೊಳ್ಳಬಹುದಾ? ಇಲ್ಲವೇ, ನನ್ನ ಕುದುರೆಯನ್ನು ಹತ್ತಿರದವರಿಗೇ ಕೊಡಬೇಕು, ಹೇಗೆ? ಅವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಮ್ಮಪ್ಪ ಲಾಳ ಹೊಡೆಯುವವರು, ನಾನು ಬೆಳೆದದ್ದು ಲಾಯಗಳಲ್ಲೇ. ಯಾವ ಕುದುರೆಯ ಹತ್ತಿರ ಹೋದರೂ ನನ್ನ ಕಣ್ಣು ಮೊದಲು ಗೊರಸಿಗೆ ಹೋಗುತ್ತದೆ.

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ಸವಾರಿ ಕಲಿತು ಸ್ವಲ್ಪ ದಿನ ಆಯಿತು. ಈಗ ತನ್ನದೇ ಒಂದು ಕುದುರೆ ಬೇಕು ಅಂತಾಳೆ. ನಮಗೆ ಹತ್ತಿರದಲ್ಲಿ ಮೂರು ಮಾರಾಟಕ್ಕಿವೆ. ರೇಸಿನಿಂದ ಬಿಟ್ಟ 5 ವರ್ಷದ ಥರೋಬ್ರೆಡ್, 3 ವರ್ಷದ ಅರೇಬಿಯನ್ ಹೆಣ್ಣು, ಮತ್ತೆ ತಳಿ ಯಾವುದೆಂದೇ ಗೊತ್ತಿಲ್ಲದ 14 ವರ್ಷದ ಗಿಡ್ಡ ಕುದುರೆ. ಮಗಳಿಗೆ ಅರೇಬಿಯನ್ ಮೇಲೆ ಮನಸ್ಸು. ಗಿಡ್ಡದಕ್ಕೆ ವಯಸ್ಸಾಯಿತಲ್ಲ ಅನ್ನೋದು ನನ್ನ ಚಿಂತೆ.

ಉತ್ತರ: ಗಿಡ್ಡ ಕುದುರೆಯನ್ನೇ ನೋಡಿ. 14 ಅಂದರೆ ವಯಸ್ಸಾಯಿತು ಅಂತ ಅಲ್ಲ. ಚೆನ್ನಾಗಿ ನೋಡಿಕೊಂಡ ಕುದುರೆ 25ರಿಂದ 30 ವರ್ಷ ಬದುಕುತ್ತದೆ. ಅದರಲ್ಲೂ ಗಿಡ್ಡ ತಳಿಗಳು ಗಟ್ಟಿ ಜೀವ. ಇಷ್ಟು ವರ್ಷದಲ್ಲಿ ಅದು ಮಳೆ, ನಾಯಿ, ಹಾರುವ ಪ್ಲಾಸ್ಟಿಕ್ ಚೀಲ, ಮಕ್ಕಳ ಕೂಗಾಟ ಎಲ್ಲವನ್ನೂ ನೋಡಿರುತ್ತದೆ. 11 ವರ್ಷದ ಹುಡುಗಿಗೆ ಕಲಿಸುವ ಕೆಲಸ ಈಗ ಕುದುರೆಯದು. ಏನೂ ಕಲಿಯದ ಕುದುರೆಯನ್ನು ಕಲಿಯುತ್ತಿರುವ ಹುಡುಗಿಗೆ ಕೊಟ್ಟರೆ ಇಬ್ಬರೂ ಹೆದರುತ್ತಾರೆ.

ಅರೇಬಿಯನ್ ನನಗೂ ತುಂಬಾ ಇಷ್ಟದ ತಳಿ. ದೂರ ಓಡುವುದರಲ್ಲಿ ಅದಕ್ಕೆ ಸಮ ಇನ್ನೊಂದಿಲ್ಲ. ಒಂದೇ ದಿನದಲ್ಲಿ 160 ಕಿಲೋಮೀಟರ್ ಓಡಿಸುವ ಸ್ಪರ್ಧೆಗಳಲ್ಲಿ ಮುಂದೆ ಬರುವುದು ಬಹುಪಾಲು ಅರೇಬಿಯನ್ ಅಥವಾ ಅದರ ಮಿಶ್ರ ತಳಿ. ತುಂಬಾ ಚುರುಕು. ನಿಮ್ಮ ಕೈ ಒಂದು ಚೂರು ನಡುಗಿದರೂ ಅದಕ್ಕೆ ತಿಳಿಯುತ್ತದೆ. ಆದರೆ ನೀವು ಹೇಳಿದ ಕುದುರೆಗೆ 3 ವರ್ಷ. ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರುವುದಿಲ್ಲ. ಕುದುರೆಯ ಮೂಳೆಗಳಲ್ಲಿ ಕೊನೆಗೆ ಬಲಿಯುವುದು ಬೆನ್ನು, ಅದಕ್ಕೆ 5 ದಾಟಬೇಕು, ಕೆಲವಕ್ಕೆ 6. ಈಗ ಅದು ಮೈದಾನದಲ್ಲಿ ಓಡಾಡಿಕೊಂಡು ಬೆಳೆಯಬೇಕಾದ ಕಾಲ. ಅನುಭವ ಇರುವವರ ಕೈಗೆ ಅದು ಹೋಗಲಿ.

ಥರೋಬ್ರೆಡ್ ಮಾತು ಬೇರೆ. ಈ ತಳಿಯ ವಂಶಾವಳಿ ಪುಸ್ತಕ ಇಂಗ್ಲೆಂಡಿನಲ್ಲಿ ಮೊದಲು ಬಂದದ್ದು 1791ರಲ್ಲಿ. ಇವತ್ತಿನ ಪ್ರತಿಯೊಂದು ಥರೋಬ್ರೆಡ್‌ನ ಗಂಡು ವಂಶವೂ ಮೂರೇ ಮೂರು ಗಂಡುಕುದುರೆಗಳಿಗೆ ಹೋಗಿ ನಿಲ್ಲುತ್ತದೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡೋಲ್ಫಿನ್ ಅರೇಬಿಯನ್. ಅಂದಿನಿಂದ ಇವತ್ತಿನವರೆಗೆ ಅದನ್ನು ವೇಗಕ್ಕಾಗಿಯೇ ಆರಿಸಿ ಆರಿಸಿ ಬೆಳೆಸಿದ್ದಾರೆ. ರೇಸಿನಲ್ಲಿ ಪಳಗಿದ ಕುದುರೆಗೆ ಲಗಾಮು ಬಿಗಿಯಾದರೆ "ಓಡು" ಅಂತ ಅರ್ಥವಾಗುತ್ತದೆ. ಹೆದರಿದ ಮಗು ಮಾಡುವ ಮೊದಲ ಕೆಲಸವೇ ಲಗಾಮು ಎಳೆಯುವುದು, ಅಲ್ವಾ? ಇಂಥ ಕುದುರೆಗಳಿಗೆ ಎರಡನೇ ಬದುಕು ಸಿಗಲೇಬೇಕು, ಅದನ್ನು ನಾನು ಮನಸಾರೆ ಬಯಸುತ್ತೇನೆ. ಆದರೆ ಅದನ್ನು ಮೊದಲಿಂದ ಕಲಿಸುವ ತಾಳ್ಮೆ ಇರುವ ದೊಡ್ಡವರು ಬೇಕು.

ಇನ್ನು ನಿಮ್ಮ ಗಿಡ್ಡ ಕುದುರೆಯಲ್ಲಿ ನೋಡಬೇಕಾದದ್ದು. ಕಡಿಮೆ ಮೇವಿನಲ್ಲೇ ಮೈ ತುಂಬಿಕೊಳ್ಳುವ ತಳಿಗಳಿಗೆ ಗೊರಸಿನ ಒಳಗೆ ಉರಿಯೂತ ಬರುವ ಅಪಾಯ ಜಾಸ್ತಿ. ಲ್ಯಾಮಿನೈಟಿಸ್ ಅಂತಾರೆ. ಕುತ್ತಿಗೆಯ ಮೇಲಂಚು ಕೈಗೆ ಗಟ್ಟಿ ದಿಂಡಿನ ಹಾಗೆ ಸಿಗುತ್ತದಾ ನೋಡಿ. ಆಮೇಲೆ ಬಗ್ಗಿ ಗೊರಸನ್ನು ಪಕ್ಕದಿಂದ ನೋಡಿ. ಗೊರಸಿನ ಮೇಲೆ ಅಡ್ಡ ಗೆರೆಗಳು ಇದ್ದೇ ಇರುತ್ತವೆ. ಮೇವು ಬದಲಾದರೂ ಮೂಡುತ್ತವೆ, ಅವು ಮುಂದಿನಿಂದ ಹಿಮ್ಮಡಿಯವರೆಗೆ ಒಂದೇ ಅಂತರದಲ್ಲಿ ಹೋಗುತ್ತವೆ. ಲ್ಯಾಮಿನೈಟಿಸ್ ಬಂದುಹೋದ ಗೊರಸಿನಲ್ಲಿ ಹಾಗಲ್ಲ. ಮುಂದೆ ಒತ್ತೊತ್ತಾಗಿ ಹುಟ್ಟಿದ ಗೆರೆಗಳು ಹಿಮ್ಮಡಿಯ ಕಡೆಗೆ ಬಿಚ್ಚಿಕೊಳ್ಳುತ್ತವೆ. ಅಪ್ಪ ಆ ಗೆರೆಗಳ ಮೇಲೆ ಹೆಬ್ಬೆರಳು ಇಟ್ಟು ಎಳೆಯುತ್ತಾ ಹೋಗುತ್ತಿದ್ದರು. ಗೊರಸಿನ ಮುಂಭಾಗ ಮೇಲಿಂದ ಕೆಳಗೆ ಪೂರ್ತಿ ಬೆಳೆಯಲು ಸುಮಾರು ಒಂದು ವರ್ಷ ಬೇಕು. ಹಾಗಾಗಿ ಕಳೆದ ಒಂದು ವರ್ಷದಲ್ಲಿ ನಡೆದದ್ದು ಅಲ್ಲಿ ಬರೆದಿರುತ್ತದೆ. ಒಮ್ಮೆ ಬಂದದ್ದು ಮತ್ತೆ ಬರಬಹುದು. ಅಂಥ ಗೆರೆ ಕಂಡರೆ ಕೇಳಿ, ಗೊರಸಿನ ಎಕ್ಸ್‌ರೇ ತೆಗೆಸದೆ ಮುಂದುವರಿಯಬೇಡಿ.

ಮಗಳ ಆಸೆಯ ವಿಷಯ. ಅವಳನ್ನು ಗಿಡ್ಡ ಕುದುರೆಯ ಹತ್ತಿರ ಬೇರೆ ಬೇರೆ ದಿನ ಕರೆದುಕೊಂಡು ಹೋಗಿ. ಮೈ ಉಜ್ಜಲಿ, ಗೊರಸು ಎತ್ತಿ ಕೆರೆಯಲಿ, ಸುಮ್ನೆ ಪಕ್ಕದಲ್ಲಿ ನಿಲ್ಲಲಿ. ಹತ್ತಿರದಲ್ಲಿ ಕೊಳ್ಳುವುದರ ದೊಡ್ಡ ಲಾಭವೇ ಇದು, ಮತ್ತೆ ಮತ್ತೆ ಹೋಗಬಹುದು. ಬೇಡ ಅನ್ನುವ ಮಾರಾಟಗಾರರಾದರೆ, ಅಲ್ಲಿಗೇ ಬಿಟ್ಟುಬಿಡಿ.

ಪ್ರಶ್ನೆ: ಮಾರುವವರು 7 ವರ್ಷ ಅಂತಾರೆ. ನೋಡಿದರೆ ಜಾಸ್ತಿ ಅನಿಸುತ್ತದೆ. ಕಾಗದ ಏನೂ ಇಲ್ಲ. ಹಲ್ಲು ನೋಡಿ ಗೊತ್ತು ಮಾಡಿಕೊಳ್ಳಬಹುದಾ?

ಉತ್ತರ: 5 ವರ್ಷದವರೆಗೆ ಚೆನ್ನಾಗಿ ಗೊತ್ತಾಗುತ್ತದೆ. 10ರವರೆಗೆ ಸುಮಾರಾಗಿ. ಆಮೇಲೆ ಅಂದಾಜು ಅಷ್ಟೇ.

ಮುಂದಿನ ಬಾಚಿಹಲ್ಲುಗಳನ್ನು ನೋಡಬೇಕು. ನಡುವಿನ ಜೋಡಿಯ ಹಾಲುಹಲ್ಲು ಎರಡೂವರೆ ವರ್ಷಕ್ಕೆ ಬಿದ್ದು ಶಾಶ್ವತ ಹಲ್ಲು ಬರುತ್ತದೆ. ಅದರ ಪಕ್ಕದ ಜೋಡಿ ಮೂರೂವರೆಗೆ, ಮೂಲೆಯದು ನಾಲ್ಕೂವರೆಗೆ. 5ಕ್ಕೆ ಬಾಯಿ ತುಂಬಿತು ಅಂತ ಲೆಕ್ಕ. ಆಮೇಲೆ ಸವೆತ ನೋಡಬೇಕು. ಕೆಳಗಿನ ಹಲ್ಲಿನ ಮೇಲ್ಮೈಯಲ್ಲಿ ಕಪ್ಪನೆಯ ಗುಳಿ ಇರುತ್ತದೆ. ನಡುವಿನ ಜೋಡಿಯಲ್ಲಿ ಅದು ಸುಮಾರು 6ಕ್ಕೆ ಸವೆದು ಮಾಯ, ಪಕ್ಕದ್ದರಲ್ಲಿ 7ಕ್ಕೆ, ಮೂಲೆಯದರಲ್ಲಿ 8ಕ್ಕೆ. ನಿಮಗೆ ಹೇಳಿದ ವಯಸ್ಸು ನಿಜವಾದರೆ ಕೆಳಗಿನ ಮೂಲೆಹಲ್ಲಿನಲ್ಲಿ ಇನ್ನೂ ಗುಳಿ ಕಾಣಬೇಕು.

ಈಗ ಮೇಲಿನ ಮೂಲೆಹಲ್ಲಿನ ಹೊರಮೈ ನೋಡಿ. ಸುಮಾರು 10ಕ್ಕೆ ಅಲ್ಲಿ ವಸಡಿನ ಅಂಚಿನಲ್ಲಿ ಒಂದು ಕಂದು ಗೀರು ಇಣುಕುತ್ತದೆ. ಗ್ಯಾಲ್ವೇನ್ ಗೆರೆ ಅಂತ ಅದರ ಹೆಸರು. 15ಕ್ಕೆ ಹಲ್ಲಿನ ಅರ್ಧದವರೆಗೆ ಇಳಿದಿರುತ್ತದೆ, 20ಕ್ಕೆ ಪೂರ್ತಿ. ಗೀರು ಕಂಡರೆ 7 ಅನ್ನುವ ಮಾತು ನಂಬಬೇಡಿ. ಕಾಣದಿದ್ದರೆ ಅದೊಂದನ್ನೇ ಹಿಡಿದು ಚಿಕ್ಕದು ಅಂತಲೂ ಹೇಳಬೇಡಿ, ಎಲ್ಲ ಕುದುರೆಗಳಲ್ಲೂ ಅದು ಒಂದೇ ರೀತಿ ಬರುವುದಿಲ್ಲ. ತುಟಿ ಬಿಡಿಸಿ ಪಕ್ಕದಿಂದಲೂ ನೋಡಿ. ಎಳೆಯ ಕುದುರೆಯ ಮೇಲಿನ ಮತ್ತು ಕೆಳಗಿನ ಹಲ್ಲು ಹೆಚ್ಚುಕಡಿಮೆ ನೆಟ್ಟಗೆ ಕೂಡುತ್ತವೆ. ವಯಸ್ಸಾದಂತೆ ಮುಂದಕ್ಕೆ ಚಾಚಿಕೊಳ್ಳುತ್ತವೆ. ಸವೆದ ಹಲ್ಲಿನಲ್ಲಿ ಗುಳಿ ಕೊರೆದು ಕಪ್ಪು ತುಂಬುವ ಮೋಸ ಬಹಳ ಹಳೆಯದು. ಗುಳಿ ಕೊರೆಯಬಹುದು, ಹಲ್ಲಿನ ಓರೆಯನ್ನು ಯಾರೂ ತಿದ್ದಲಾರರು.

ಹಲ್ಲು ಸವೆಯುವುದು ಮೇವಿನ ಮೇಲೂ ತಳಿಯ ಮೇಲೂ ಹೋಗುತ್ತದೆ. ಅರೇಬಿಯನ್ ಹಲ್ಲು ಭಾರ ಎಳೆಯುವ ತಳಿಗಳ ಹಲ್ಲಿಗಿಂತ ನಿಧಾನವಾಗಿ ಸವೆಯುತ್ತದೆ. ಅದಕ್ಕೇ ನೀವು ನೋಡಿದ್ದನ್ನು ಪಶುವೈದ್ಯರಿಗೆ ತೋರಿಸಿ ಗಟ್ಟಿ ಮಾಡಿಕೊಳ್ಳಿ. ನಿಮ್ಮ ಕುದುರೆಗೆ 12 ಅಂತ ಗೊತ್ತಾದರೂ ಅದು ಕೆಟ್ಟ ಕುದುರೆ ಆಗುವುದಿಲ್ಲ. ಆದರೆ ವಯಸ್ಸು ಮುಚ್ಚಿಟ್ಟವರು ಇನ್ನೇನು ಮುಚ್ಚಿಟ್ಟಿದ್ದಾರೆ ಅಂತ ಕೇಳಲೇಬೇಕಾಗುತ್ತದೆ.

ಪ್ರಶ್ನೆ: ಕಿವಿಯ ತುದಿಗಳು ಕೂಡುತ್ತವೆ, ಹಾಗಾಗಿ ಶುದ್ಧ ಮಾರ್ವಾರಿ ಅಂತ ಹೇಳಿ ಹೆಚ್ಚು ದುಡ್ಡು ಕೇಳುತ್ತಿದ್ದಾರೆ. ಅಷ್ಟು ಸಾಕಾ?

ಉತ್ತರ: ಸಾಲದು. ಒಳಕ್ಕೆ ಬಾಗಿ ತುದಿ ತಾಗುವ ಕಿವಿ ಮಾರ್ವಾರಿಗೂ ಇದೆ, ಕಾಠಿಯಾವಾಡಿಗೂ ಇದೆ. ಇವುಗಳ ಮಿಶ್ರ ತಳಿಯಲ್ಲೂ ಬರುತ್ತದೆ. ಅದೇ ರೀತಿ ಮುಖ ಸ್ವಲ್ಪ ಒಳಗೆ ಬಾಗಿದ್ದರೆ ಅರೇಬಿಯನ್, ಮೈ ಕಪ್ಪಗಿದ್ದು ಕಾಲಿನಲ್ಲಿ ಕೂದಲಿದ್ದರೆ ಫ್ರೀಜಿಯನ್ ಅಂತಲೂ ಮಾರುತ್ತಾರೆ. ತಳಿಗೆ ಅಂತ ಹೆಚ್ಚು ದುಡ್ಡು ಕೇಳುವವರು ತಳಿಯ ದಾಖಲೆ ಕೊಡಬೇಕು. ದಾಖಲೆಯಲ್ಲಿರುವ ಕುದುರೆ ಇದೇನಾ ಅಂತ ನೀವು ಹೋಲಿಸಿ ನೋಡಬೇಕು. ಹಣೆಯ ಬಿಳಿ, ಕಾಲಿನ ಬಿಳಿ ಎಲ್ಲಿಯವರೆಗೆ, ಕೂದಲಿನ ಸುಳಿ ಎಲ್ಲೆಲ್ಲಿ, ಎಲ್ಲ ಅದರಲ್ಲಿ ಬರೆದಿರುತ್ತದೆ. ಮೈಕ್ರೋಚಿಪ್ ಇದ್ದರೆ ಸಾಮಾನ್ಯವಾಗಿ ಕುತ್ತಿಗೆಯ ಎಡಗಡೆ ಇರುತ್ತದೆ. ವೈದ್ಯರ ಕೈಯಲ್ಲಿ ಅದನ್ನು ಓದಿಸಿ ನಂಬರ್ ತಾಳೆ ನೋಡಿ.

ಒಂದು ವ್ಯತ್ಯಾಸಕ್ಕೆ ಗಾಬರಿಯಾಗಬೇಡಿ. ದಾಖಲೆಯಲ್ಲಿ ಮರಿ ಕಪ್ಪು ಅಂತಿದ್ದು, ಎದುರಿಗೆ ಬೆಳ್ಳನೆಯ ಕುದುರೆ ನಿಂತಿರಬಹುದು. ಗ್ರೇ ಕುದುರೆಗಳು ಹುಟ್ಟುವಾಗ ಕಪ್ಪು, ಕಂದು ಬಣ್ಣದಲ್ಲಿದ್ದು ವರ್ಷ ವರ್ಷ ಬೆಳ್ಳಗಾಗುತ್ತವೆ. ಅಂಥ ಕುದುರೆ ಕೊಳ್ಳುವಾಗ ಬಾಲ ಎತ್ತಿ ಅಡಿಯಲ್ಲಿ ಕೈಯಾಡಿಸಿ. ವಯಸ್ಸಾದ ಗ್ರೇಗಳಲ್ಲಿ ಬಹುಪಾಲಿಗೆ ಅಲ್ಲಿ ಕಪ್ಪು ಗಂಟುಗಳು ಬರುತ್ತವೆ. ಚಿಕ್ಕದಿದ್ದರೂ ವೈದ್ಯರಿಗೆ ತೋರಿಸಿ.

ಮರಿ ಹಾಕಿಸುವ ಯೋಚನೆ ಇದ್ದರೆ ಶುದ್ಧ ತಳಿಯಲ್ಲೇ ಇನ್ನೊಂದು ಎಚ್ಚರಿಕೆ ಬೇಕು. ಅರೇಬಿಯನ್ನರಲ್ಲಿ ಎಸ್‌ಸಿಐಡಿ ಅನ್ನುವ ವಂಶದ ಕಾಯಿಲೆ ಇದೆ. ತಂದೆ ತಾಯಿ ನೋಡಲು ಆರೋಗ್ಯವಾಗೇ ಇರುತ್ತವೆ. ಇಬ್ಬರಿಂದಲೂ ಕೆಟ್ಟ ವಂಶವಾಹಿ (ಜೀನ್) ಬಂದ ಮರಿಗೆ ರೋಗ ತಡೆಯುವ ಶಕ್ತಿಯೇ ಇರುವುದಿಲ್ಲ, ಕೆಲವೇ ತಿಂಗಳಲ್ಲಿ ಸಾಯುತ್ತದೆ. ಕ್ವಾರ್ಟರ್ ಹಾರ್ಸ್ ಅನ್ನುವ ಅಮೆರಿಕದ ತಳಿಯಲ್ಲಿ ಎಚ್‌ವೈಪಿಪಿ ಅನ್ನುವ ಕಾಯಿಲೆ ಇದೆ. ಸ್ನಾಯು ಅದುರಿ ಕುದುರೆ ಕುಸಿದು ಬೀಳುತ್ತದೆ. ಅದು 1969ರಲ್ಲಿ ಹುಟ್ಟಿದ ಇಂಪ್ರೆಸಿವ್ ಅನ್ನುವ ಒಂದೇ ಗಂಡುಕುದುರೆಯ ವಂಶದಿಂದ ಹರಡಿದ್ದು. ಎರಡಕ್ಕೂ ಪರೀಕ್ಷೆ ಇದೆ. ನಾಲ್ಕು ಕೂದಲನ್ನು ಬುಡಸಮೇತ ಕಿತ್ತು ಲ್ಯಾಬಿಗೆ ಕಳಿಸಿದರೆ ಸಾಕು. ಇಷ್ಟು ಸುಲಭ ಇರುವಾಗ, ಪರೀಕ್ಷೆ ಮಾಡಿಸದೆ ಮರಿ ಹಾಕಿಸುವುದು ತಪ್ಪು ಅಂತಲೇ ನಾನು ಹೇಳುತ್ತೇನೆ.

ಪ್ರಶ್ನೆ: ನಾನು ಜೀನು ಸೇರಿ 88 ಕಿಲೋ ತೂಗುತ್ತೇನೆ. 14 ಹ್ಯಾಂಡ್ ಎತ್ತರದ ಕುದುರೆ ತುಂಬಾ ಚಿಕ್ಕದಾಯಿತಾ?

ಉತ್ತರ: ಎತ್ತರ ಬಿಡಿ, ತೂಕ ಕೇಳಿ. ಒಂದು ಹ್ಯಾಂಡ್ ಅಂದರೆ 4 ಇಂಚು. 14 ಹ್ಯಾಂಡ್ ಮೇಲೆ 2 ಇಂಚಿಗಿಂತ ಕೆಳಗಿದ್ದರೆ ಪೋನಿ ಅಂತಾರೆ. ಅದು ಬರೀ ಅಳತೆಯ ಗೆರೆ. ಸವಾರ ಮತ್ತು ಜೀನಿನ ತೂಕ ಕುದುರೆಯ ತೂಕದ ಶೇಕಡ 20 ದಾಟದಿರಲಿ ಅನ್ನುವುದು ಒಳ್ಳೆಯ ಲೆಕ್ಕ. ದಪ್ಪ ಮೂಳೆಯ, ಗಿಡ್ಡ ಬೆನ್ನಿನ, 450 ಕಿಲೋ ತೂಗುವ ಕುದುರೆಯಾದರೆ 14 ಹ್ಯಾಂಡೇ ಇದ್ದರೂ ನಿಮ್ಮನ್ನು ಹೊರುತ್ತದೆ. ತೆಳ್ಳಗಿನ 370 ಕಿಲೋದ್ದಾದರೆ ಬೇಡ.

ಪ್ರಶ್ನೆ: ನೋಡಲು ಹೋದಾಗ ಕುದುರೆಗೆ ಜೀನು ಹಾಕಿ ಸಿದ್ಧವಾಗಿ ನಿಲ್ಲಿಸಿದ್ದರು. ತುಂಬಾ ಸಾಧು. ಮನೆಗೆ ತಂದ ಮೂರನೇ ದಿನಕ್ಕೆ ಹಿಡಿಯಲೇ ಬಿಡುತ್ತಿಲ್ಲ, ಮುಂಗಾಲು ಬೇರೆ ಎಳೆಯುತ್ತಿದೆ. ನನಗೆ ಮೋಸ ಮಾಡಿದರಾ?

ಉತ್ತರ: ನಿಮ್ಮ ಪತ್ರ ಓದಿ ಬೇಜಾರಾಯಿತು. ಮೋಸ ಅಂತ ಇಲ್ಲಿಂದಲೇ ಹೇಳಲಾರೆ. ಹೊಸ ಜಾಗಕ್ಕೆ ಬಂದ ಕುದುರೆ ಹೆದರಿ ದೂರ ಓಡುವುದು ಸಹಜ. ಗಾಡಿಯಲ್ಲಿ ಬರುವಾಗ ಕಾಲಿಗೆ ಏಟಾಗಿರಬಹುದು, ಗೊರಸಿನಲ್ಲಿ ಕೀವು ಕಟ್ಟಿರಬಹುದು. ಇವತ್ತೇ ವೈದ್ಯರನ್ನು ಕರೆಸಿ, ನೋವು ಕಳೆಯುವ ಔಷಧ ಕೊಟ್ಟಿದ್ದರಾ ಅಂತ ತಿಳಿಯಲು ರಕ್ತ ತೆಗೆಸಿ. ಬ್ಯೂಟ್ ಅಂತ ಕರೆಯುವ ಫೆನೈಲ್‌ಬ್ಯುಟಜೋನ್ ಕುಂಟನ್ನು ಚೆನ್ನಾಗಿ ಮುಚ್ಚುತ್ತದೆ. ದಿನ ಕಳೆದಷ್ಟೂ ರಕ್ತದಲ್ಲಿ ಅದರ ಗುರುತು ಕರಗುತ್ತದೆ, ತಡ ಮಾಡಬೇಡಿ.

ಇನ್ನು ಮುಂದೆ ಕೊಳ್ಳುವವರಿಗೆ. ಜೀನು ಹಾಕಿಟ್ಟಿದ್ದರೆ ತೆಗೆಸಿ. ಹೇಳಿದ ಹೊತ್ತಿಗಿಂತ ಸ್ವಲ್ಪ ಮುಂಚೆ ಹೋಗಿ. ಎದೆ, ಕಿವಿಯ ಬುಡ ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ನೀವು ಬರುವ ಮೊದಲೇ ದಣಿಸಿದ್ದಾರೆ. ದಣಿದ ಕುದುರೆ ಯಾವುದಾದರೂ ಸಾಧುವೇ. ತಲೆ ಕೆಳಗೆ ಹಾಕಿ, ಕೆಳತುಟಿ ಜೋತುಬಿದ್ದು, ಚಪ್ಪಾಳೆ ಹೊಡೆದರೂ ಕಿವಿ ತಿರುಗಿಸದಿದ್ದರೆ ಮಂಪರಿನ ಮದ್ದು ಕೊಟ್ಟಿರಬಹುದು. ಮೈದಾನದಿಂದ ಹಿಡಿದು ತರುವುದು, ಕಟ್ಟುವುದು, ಮೈ ಉಜ್ಜುವುದು, ನಾಲ್ಕೂ ಕಾಲು ಎತ್ತುವುದು, ಜೀನು ಹಾಕುವುದು, ಎಲ್ಲ ನಿಮ್ಮ ಕಣ್ಣೆದುರೇ ಆಗಲಿ. ಮೊದಲು ಮಾರುವವರೇ ಹತ್ತಿ ಓಡಿಸಿ ತೋರಿಸಲಿ. ಅವರೇ ಹತ್ತಲು ಹಿಂಜರಿದರೆ ನೀವೂ ಹತ್ತಬೇಡಿ.

ಕುಂಟು ನೋಡುವುದು ಹೀಗೆ. ಗಟ್ಟಿ ನೆಲದಲ್ಲಿ, ಹಗ್ಗ ಸಡಿಲ ಬಿಟ್ಟು, ಟ್ರಾಟ್ ಓಡಿಸಿ, ಅಂದರೆ ನಡಿಗೆಗಿಂತ ಸ್ವಲ್ಪ ಜೋರಾದ ಓಟ. ಹಗ್ಗ ಬಿಗಿ ಹಿಡಿದರೆ ತಲೆ ಆಡುವುದು ಕಾಣುವುದಿಲ್ಲ, ಕೆಲವರು ಬೇಕಂತಲೇ ಬಿಗಿ ಹಿಡಿಯುತ್ತಾರೆ. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲು ನೆಲಕ್ಕೆ ತಾಗುವಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲಿಗೆ ತಲೆ ಕೆಳಗಿಳಿಯುತ್ತದೆ. ಹಿಂಗಾಲಾದರೆ ನೋವಿರುವ ಕಡೆಯ ಸೊಂಟ ಹೆಚ್ಚು ಏರಿಳಿಯುತ್ತದೆ. ಕಣ್ಣಿಗೆ ಗೊತ್ತಾಗದಿದ್ದರೆ ಕಣ್ಣು ಮುಚ್ಚಿ ಸದ್ದು ಕೇಳಿ. ಲಾಳದ ಸದ್ದು ಒಂದೇ ಸಮ ಬರಬೇಕು. ಒಂದು ಹೆಜ್ಜೆ ಮೆತ್ತಗೆ ಕೇಳಿದರೆ ಅಲ್ಲೇ ಏನೋ ಇದೆ. ನಾನು ಈಗಲೂ ಮೊದಲು ಕೇಳುತ್ತೇನೆ, ಆಮೇಲೆ ನೋಡುತ್ತೇನೆ.

ಆಮೇಲೆ ಹೇಳದೆ ಕೇಳದೆ ಇನ್ನೊಂದು ದಿನ ಹೋಗಿ. "ಈ ಕಡೆ ಬಂದಿದ್ದೆ, ಒಮ್ಮೆ ನೋಡಲಾ?" ಅಂದರಾಯಿತು. ದುಡ್ಡು ಕೊಡುವ ಮುಂಚೆ ನೀವೇ ಕರೆತಂದ ವೈದ್ಯರಿಂದ ಪೂರ್ತಿ ಪರೀಕ್ಷೆ ಮಾಡಿಸಿ. ಆ ಕುದುರೆಯನ್ನು ಮೊದಲಿಂದ ನೋಡುತ್ತಿರುವ ವೈದ್ಯರು ಒಳ್ಳೆಯವರೇ ಇರಬಹುದು, ಆದರೆ ಅವರಿಗೆ ಇಬ್ಬರ ಮುಲಾಜು ಇರುತ್ತದೆ. ಅದೇ ಹೊತ್ತಿಗೆ ರಕ್ತದ ಮಾದರಿ ತೆಗೆದಿಡಿಸಿ. ತೆಗೆದಿಡುತ್ತೇವೆ ಅಂದ ಕೂಡಲೇ ಮಾತು ಬದಲಾಗುವ ಮಾರಾಟಗಾರರನ್ನು ನಾನು ಕಂಡಿದ್ದೇನೆ. ಸಾಧ್ಯವಾದರೆ ಆ ಕುದುರೆಗೆ ಲಾಳ ಹೊಡೆಯುವವರ ಹತ್ತಿರವೂ ಮಾತಾಡಿ. ಕಾಲು ಎತ್ತಿದಾಗ ಯಾವ ಕಡೆ ಭಾರ ಹಾಕುತ್ತದೆ, ಯಾವ ಗೊರಸಿಗೆ ಬಡಿದರೆ ಬೆಚ್ಚುತ್ತದೆ ಅನ್ನುವುದು ಮಾಲೀಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ಕುದುರೆ ಮಾರಬೇಕಾಗಿದೆ. ಬೇರೆಲ್ಲ ಚಿನ್ನದಂಥದ್ದು, ಆದರೆ ಬಾಗಿಲ ಮರಕ್ಕೆ ಹಲ್ಲು ಊರಿ ಗಾಳಿ ನುಂಗುತ್ತದೆ. ಜಾಹೀರಾತಿನಲ್ಲಿ ಇದನ್ನು ಬರೆಯಬೇಕಾ? ಬರೆದರೆ ಯಾರೂ ಬರಲ್ಲ ಅನ್ನುವ ಭಯ.

ಉತ್ತರ: ಬರೆಯಿರಿ. ಮೊದಲ ಸಾಲಿನಲ್ಲಿ ಬೇಡ, ಆದರೆ ಸ್ಪಷ್ಟವಾಗಿ ಬರೆಯಿರಿ. ಹೇಗೂ ಬಚ್ಚಿಡಲು ಆಗುವುದಿಲ್ಲ. ಮೇಲಿನ ಬಾಚಿಹಲ್ಲಿನ ಮುಂದಿನ ಅಂಚು ಓರೆಯಾಗಿ ಸವೆದಿರುತ್ತದೆ, ತಿಳಿದವರು ತುಟಿ ಎತ್ತಿದ ಕೂಡಲೇ ಕಾಣುತ್ತಾರೆ. ತಿಳಿಯದವರಾದರೆ ಮನೆಗೆ ಹೋದ ಮೇಲೆ ನೋಡುತ್ತಾರೆ, ಆಗ ಸಿಟ್ಟು ಕುದುರೆಯ ಮೇಲೂ ಬೀಳುತ್ತದೆ. ನನಗೆ ಹೆಚ್ಚು ಸಂಕಟ ಅದೇ. ಹೊಡೆದು, ಕುತ್ತಿಗೆಗೆ ಬೆಲ್ಟ್ ಬಿಗಿದು ಬಿಡಿಸಲು ನೋಡುತ್ತಾರೆ. ಇದು ತುಂಟತನ ಅಲ್ಲ. ಹೊತ್ತುಗಟ್ಟಲೆ ಒಳಗೆ ಕಟ್ಟಿಹಾಕಿದ, ಒರಟು ಮೇವು ಕಡಿಮೆ ಸಿಕ್ಕ, ಜೊತೆಗಾರರಿಲ್ಲದ ಕುದುರೆಗಳಲ್ಲಿ ಶುರುವಾಗಿ ಅಭ್ಯಾಸವಾಗಿಬಿಡುತ್ತದೆ. ಕೆಲವಕ್ಕೆ ಹೊಟ್ಟೆಯಲ್ಲಿ ಹುಣ್ಣೂ ಇರುತ್ತದೆ. ದಿನವಿಡೀ ಹೊರಗೆ ಬಿಡುವ ಜಾಗ, ಮುಂದೆ ಯಾವಾಗಲೂ ಹುಲ್ಲು ಇರುವ ಮನೆ ಸಿಕ್ಕರೆ ಕಡಿಮೆಯಾಗುತ್ತದೆ. ಅಂಥ ಮನೆಯವರು ನಿಮ್ಮ ಜಾಹೀರಾತು ಓದಿ ಬಂದೇ ಬರುತ್ತಾರೆ.

ಜಾಹೀರಾತಿನಲ್ಲಿ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಬೀಜ ತೆಗೆಸಿದ್ದೋ, ತಳಿ ಗೊತ್ತಿದ್ದರೆ ತಳಿ, ಗೊತ್ತಿಲ್ಲದಿದ್ದರೆ "ಮಿಶ್ರ" ಅಂತ ಬರೆಯಿರಿ. ಅದರ ಮೇಲೆ ಈಗ ಯಾರು ಸವಾರಿ ಮಾಡುತ್ತಾರೆ, ಎಷ್ಟು ದಿನಕ್ಕೊಮ್ಮೆ ಅಂತಲೂ ಇರಲಿ. "ಶಾಂತ ಸ್ವಭಾವ" ಅನ್ನುವ ಪದದಿಂದ ಏನೂ ತಿಳಿಯುವುದಿಲ್ಲ. "ಗಾಡಿಗೆ ತಾನೇ ಹತ್ತುತ್ತದೆ, ಲಾಳ ಹೊಡೆಯುವಾಗ ನಿಲ್ಲುತ್ತದೆ, ಒಂಟಿಯಾಗಿ ರಸ್ತೆಗೆ ಹೋಗಲು ಹಿಂಜರಿಯುತ್ತದೆ" ಅಂದರೆ ತಿಳಿಯುತ್ತದೆ. ಫೋಟೋ ಗಟ್ಟಿ ನೆಲದ ಮೇಲೆ ಪಕ್ಕದಿಂದ ತೆಗೆಯಿರಿ, ಗೊರಸು ಕಾಣಲಿ. ಹುಲ್ಲಿನಲ್ಲಿ ಕಾಲು ಮುಚ್ಚಿದ ಫೋಟೋ ನೋಡಿದರೆ ನನಗೆ ಅನುಮಾನವೇ ಬರುತ್ತದೆ.

ಕೊಡುವಾಗ ಕಾಗದ ಮಾಡಿ. ಚಿಪ್ ನಂಬರ್, ಗೊತ್ತಿರುವ ದೋಷ, ಪರೀಕ್ಷೆಗೆ ಎಷ್ಟು ದಿನ, ವಾಪಸ್ ತಂದರೆ ಏನು, ಎಲ್ಲ ಇರಲಿ. ಮುಂದೆ ಅವರು ಮಾರುವುದಾದರೆ ಮೊದಲು ನಿಮ್ಮನ್ನು ಕೇಳಬೇಕು ಅನ್ನುವ ಸಾಲು ಸೇರಿಸಿ. ಹತ್ತಿರದವರಿಗೆ ಕೊಟ್ಟರೆ ಆ ಸಾಲಿಗೆ ನಿಜವಾದ ಬೆಲೆ ಇರುತ್ತದೆ, ನೀವು ಹೋಗಿ ನೋಡಬಹುದು.

ಪ್ರಶ್ನೆ: ನಾಡಿದ್ದು ಹೊಸ ಕುದುರೆ ಬರುತ್ತದೆ. ಪಕ್ಕದ ಊರಿನಿಂದಲೇ. ಬಂದ ದಿನವೇ ನಮ್ಮ ಹಳೆಯ ಎರಡರ ಜೊತೆ ಬಿಡಬಹುದಾ?

ಉತ್ತರ: ಬೇಡ. ಪಕ್ಕದ ಊರಾದರೂ ಮೂರು ವಾರ ಬೇರೆ ಇಡಿ. ಒಂದನ್ನೊಂದು ನೋಡಲಿ, ಮೂಗು ತಾಗದಿರಲಿ. ಸ್ಟ್ರಾಂಗಲ್ಸ್ ಅನ್ನುವ ಗಂಟಲು ಬಾವು ಮೂಗು, ಬಕೆಟ್, ನಿಮ್ಮ ಕೈ ಯಾವುದರಿಂದಲೂ ಹರಡುತ್ತದೆ. ಸೋಂಕು ತಗುಲಿ ಕಾಯಿಲೆ ಕಾಣಲು ಎರಡು ವಾರದವರೆಗೂ ಹಿಡಿಯಬಹುದು. ಬೆಳಿಗ್ಗೆ, ಸಂಜೆ ಜ್ವರ ನೋಡಿ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸರಿ. ಅದಕ್ಕಿಂತ ಏರಿದರೆ, ದವಡೆಯ ಕೆಳಗೆ ಬಾವು ಕಂಡರೆ, ವೈದ್ಯರಿಗೆ ಹೇಳಿ. ಹಳೆಯವುಗಳ ಕೆಲಸ ಮೊದಲು ಮುಗಿಸಿ, ಹೊಸದರ ಹತ್ತಿರ ಕೊನೆಗೆ ಹೋಗಿ. ಗ್ಲ್ಯಾಂಡರ್ಸ್ ಮತ್ತು ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ, ಈ ಎರಡರ ರಕ್ತ ಪರೀಕ್ಷೆಯ ವರದಿ ಇಲ್ಲದೆ ಗಾಡಿಗೆ ಹತ್ತಿಸಲೇಬೇಡಿ. ಗ್ಲ್ಯಾಂಡರ್ಸ್ ಮನುಷ್ಯರಿಗೂ ಬರುತ್ತದೆ, ಜೀವ ತೆಗೆಯುತ್ತದೆ.

ಬರುವಾಗ ಅದು ಈಗ ತಿನ್ನುತ್ತಿರುವ ಹುಲ್ಲನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತನ್ನಿ. ನಿಮ್ಮ ಮೇವನ್ನು ದಿನಾ ಸ್ವಲ್ಪ ಸ್ವಲ್ಪ ಬೆರೆಸುತ್ತಾ 7ರಿಂದ 10 ದಿನದಲ್ಲಿ ಬದಲಾಯಿಸಿ, ಒಮ್ಮೆಲೇ ಬದಲಾಯಿಸಿದರೆ ಹೊಟ್ಟೆನೋವು ಬರುತ್ತದೆ. ನೀರಿನ ವಾಸನೆ ಬೇರೆ ಅಂತ ಕೆಲವು ಕುಡಿಯುವುದೇ ಇಲ್ಲ. ದಿನಕ್ಕೆ 25 ಲೀಟರಾದರೂ ಒಳಗೆ ಹೋಗಬೇಕು. ತೊಟ್ಟಿಗಿಂತ ಬಕೆಟ್‌ನಲ್ಲಿ ಇಟ್ಟರೆ ಎಷ್ಟು ಇಳಿಯಿತು ಅಂತ ಲೆಕ್ಕ ಸಿಗುತ್ತದೆ. ಮೊದಲ ರಾತ್ರಿ ಒಂದೆರಡು ಸಲ ಎದ್ದು ನೋಡಿ, ಲದ್ದಿ ಹಾಕಿದೆಯಾ ಅಂತಲೂ ನೋಡಿ.